ಡಾಸ್ ಯಂತ್ರದ ಫೈಲು ಪಕ್ಕದ ಯಂತ್ರಕ್ಕೆ ಸಿಗದಿದ್ದಾಗ

ಡಾಸ್ ಕಂಪ್ಯೂಟರಿನಲ್ಲಿ ಮೌಸ್ ಒತ್ತಿ ತೆರೆಯುವ ಫೋಲ್ಡರುಗಳಿಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದರೇ ಕೆಲಸ. 1981ರಲ್ಲಿ ಐಬಿಎಂ ಪಿಸಿಯ ಜೊತೆ ಬಂದಾಗ ಡಾಸ್‌ಗೆ ಗೊತ್ತಿದ್ದದ್ದು ಅದೇ ಯಂತ್ರಕ್ಕೆ ಜೋಡಿಸಿದ ಡಿಸ್ಕುಗಳು ಮಾತ್ರ. ನೆಟ್‌ವರ್ಕಿಗೆ ದಾರಿ ತೆರೆದದ್ದು 1980ರ ದಶಕದ ಮಧ್ಯದಲ್ಲಿ ಬಂದ 3.1ನೆಯ ಆವೃತ್ತಿ. ಅಲ್ಲಿಂದ ಮುಂದೆ ‘ರಿಡೈರೆಕ್ಟರ್’ ಎಂಬ ಚಿಕ್ಕ ಪ್ರೋಗ್ರಾಮು ಮೆಮೊರಿಯಲ್ಲಿ ಕೂತು, ನೆಟ್‌ವರ್ಕಿಗೆಂದು ಹೆಸರಿಸಿದ ಎಫ್ ಡ್ರೈವಿನಿಂದ ಫೈಲು ಬೇಕೆಂದು ಕೇಳಿದೊಡನೆ ಆ ಕೋರಿಕೆಯನ್ನು ತಂತಿಯ ಮೂಲಕ ಇನ್ನೊಂದು ಕಂಪ್ಯೂಟರಿಗೆ ಕಳುಹಿಸತೊಡಗಿತು. ಎರಡೂ ಯಂತ್ರಗಳು ಮಾತಾಡುವ ಕಟ್ಟಳೆಗೆ ಎಸ್‌ಎಂಬಿ ಎಂದು ಹೆಸರು. ಐಬಿಎಂನ ಬ್ಯಾರಿ ಫೈಗನ್‌ಬಾಮ್ ರೂಪಿಸಿದ ಈ ಕಟ್ಟಳೆಯ ಹೊಸ ರೂಪಗಳೇ ಇಂದಿನ ವಿಂಡೋಸ್‌ನಲ್ಲೂ ಇವೆ.

ಹಳೆಯ ಡಾಸ್ ಯಂತ್ರವನ್ನು ಇನ್ನೂ ಇಟ್ಟುಕೊಳ್ಳುವುದು ಅದರೊಳಗಿನ ಲೆಕ್ಕಕ್ಕಾಗಿ. ಕೊಡಗಿನ ಕಾಫಿ ತೋಟದ ಕಚೇರಿಯನ್ನೇ ತೆಗೆದುಕೊಂಡರೆ, ಕೆಲಸಗಾರರ ಹಾಜರಿಯ ಚೆಕ್‌ರೋಲ್, ಕುಯ್ಲಿನ ತೂಕ, ಕ್ಯೂರಿಂಗ್ ವರ್ಕ್ಸಿಗೆ ಹೋದ ಚೀಲಗಳ ಲೆಕ್ಕವೆಲ್ಲ ಫಾಕ್ಸ್‌ಪ್ರೊದಂಥ ಪ್ರೋಗ್ರಾಮಿನ ಫೈಲುಗಳಲ್ಲಿ ಕೂತಿರಬಹುದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದನ್ನು ಕಂಡ ಜಿಲ್ಲೆಯಲ್ಲಿ, ಒಂದೇ ಯಂತ್ರದಲ್ಲಿರುವ ಲೆಕ್ಕದ ಪ್ರತಿಯನ್ನು ಬೇರೆಡೆ ಇಡಬೇಕಾದ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿ ತೆಗೆಯಲು ಹೊರಟಾಗಲೇ ನೆಟ್‌ವರ್ಕ್ ಕೈಕೊಡುವುದು.

ದೋಷ ಹುಡುಕಲು ಒಂದು ಕ್ರಮವಿದೆ: ಮೊದಲು ತಂತಿ, ಆಮೇಲೆ ನೆಟ್‌ವರ್ಕ್ ಕಾರ್ಡು, ಅದರ ಡ್ರೈವರ್, ಬಳಿಕ ಯಂತ್ರದ ಹೆಸರು, ಕೊನೆಗೆ ಅನುಮತಿ. ಕೆಳಗಿನ ಮೆಟ್ಟಿಲು ಗಟ್ಟಿಯೆಂದು ಖಾತ್ರಿಯಾಗದೆ ಮೇಲಿನದಕ್ಕೆ ಕೈಹಾಕಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದೇ ತಿಳಿಯದು.

1990ರ ದಶಕದ ಕಚೇರಿಗಳಲ್ಲಿ ಹೆಚ್ಚಾಗಿ ಎಳೆದದ್ದು ಟಿವಿ ಕೇಬಲ್ ಹೋಲುವ ತೆಳು ಕೋಆಕ್ಸಿಯಲ್ ತಂತಿ. ಒಂದು ಎಳೆ 185 ಮೀಟರ್ ಮೀರಬಾರದು. ಅದರ ಮೇಲೆ 30 ಯಂತ್ರಗಳವರೆಗೆ ಕೂರಿಸಬಹುದು. ಪ್ರತಿ ಯಂತ್ರದ ಹಿಂದೆ ಟಿ ಆಕಾರದ ಕನೆಕ್ಟರ್, ಎಳೆಯ ಎರಡೂ ತುದಿಗೆ 50 ಓಮ್‌ನ ಟರ್ಮಿನೇಟರ್. ಇವುಗಳಲ್ಲಿ ಒಂದು ಸಡಿಲವಾದರೂ ಆ ಎಳೆಯ ಎಲ್ಲ ಯಂತ್ರಗಳೂ ಒಟ್ಟಿಗೆ ನಿಲ್ಲುತ್ತವೆ. ಪರೀಕ್ಷೆಗೆ ಎಲೆಕ್ಟ್ರಿಷಿಯನ್ ಬಳಿಯಿರುವ ಮಲ್ಟಿಮೀಟರ್ ಸಾಕು. ಯಂತ್ರಗಳನ್ನೆಲ್ಲ ಆರಿಸಿ, ಯಾವುದಾದರೂ ಒಂದು ಟಿಯನ್ನು ಕಾರ್ಡಿನಿಂದ ಬಿಡಿಸಿ, ಅದರ ಖಾಲಿ ಬಾಯಲ್ಲಿ ನಡುವಿನ ಸೂಜಿಗೂ ಹೊರಗಿನ ಲೋಹಕ್ಕೂ ಮೀಟರಿನ ಕಡ್ಡಿ ತಾಗಿಸಬೇಕು. ಸುಮಾರು 25 ಓಮ್ ಬಂದರೆ ತಂತಿ ಸರಿಯಿದೆ. ಎರಡು ಟರ್ಮಿನೇಟರುಗಳು ಸಮಾನಾಂತರವಾಗಿ ಕೂತಾಗ ಬರುವ ಅಂಕಿ ಅದು. 50 ತೋರಿಸಿದರೆ ಒಂದು ತುದಿಯ ಟರ್ಮಿನೇಟರ್ ಇಲ್ಲ, ಇಲ್ಲವೇ ತಂತಿ ನಡುವೆ ಎಲ್ಲೋ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಒಳತಂತಿಯೂ ಹೊರಜಾಲರಿಯೂ ಎಲ್ಲೋ ಒಂದಕ್ಕೊಂದು ತಾಗಿವೆ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯ ಸೀಮೆಯಲ್ಲಿ ಈ ಕನೆಕ್ಟರುಗಳಿಗೆ ಹಸಿರು ಕಿಲುಬು ಹಿಡಿಯುವುದು ಸಹಜ. ಜಡಿಮಳೆಯ ಕಕ್ಕಡ ತಿಂಗಳ ದಿನಗಳಲ್ಲಿ ಆಗೊಮ್ಮೆ ಈಗೊಮ್ಮೆ ತಪ್ಪುವ ಸಂಪರ್ಕ, ಬಿಸಿಲು ಬಂದ ಮೇಲೆ ತಾನಾಗಿ ಸರಿಹೋದರೆ ಮೊದಲ ಅನುಮಾನ ಕನೆಕ್ಟರಿನ ಮೇಲೆ ಬೀಳಬೇಕು. ಬಂಗಲೆಯಿಂದ ಕಚೇರಿಗೆ ಹೊರಗಿನಿಂದ ತಂತಿ ಎಳೆದಿದ್ದರೆ ಇನ್ನೊಂದು ಅಪಾಯವಿದೆ: ಗುಡುಗು ಮಿಂಚಿನ ಜೊತೆ ಹೂಮಳೆ ಬಂದಾಗ ಆ ತಂತಿಯೇ ಮಿಂಚಿನ ಆಘಾತವನ್ನು ಒಳಗೆ ತಂದು ಎರಡೂ ಕಡೆಯ ಕಾರ್ಡುಗಳನ್ನು ಸುಡಬಲ್ಲದು.

ಟೆಲಿಫೋನ್ ಪಿನ್ನಿಗಿಂತ ದಪ್ಪನೆಯ ಆರ್‌ಜೆ-45 ಪಿನ್ನಿನ ತಂತಿಯಾದರೆ ಕೆಲಸ ಸುಲಭ. ಒಂದು ಎಳೆ 100 ಮೀಟರಿನೊಳಗಿರಬೇಕು. ಕೆಟ್ಟರೆ ಒಂದೇ ಯಂತ್ರ ನಿಲ್ಲುತ್ತದೆ. ಕಾರ್ಡಿನ ಹಿಂದಿನ ಪುಟ್ಟ ದೀಪ ಹತ್ತದಿದ್ದರೆ ತಂತಿ ಅಥವಾ ಸ್ವಿಚ್ ಕಡೆ ನೋಡಬೇಕು. ಹಳೆಯ ಕಾರ್ಡಿಗೆ ಗೊತ್ತಿರುವುದು 10 ಮೆಗಾಬಿಟ್ ವೇಗ ಮಾತ್ರ. ಹೊಸ ಸ್ವಿಚ್‌ಗಳಲ್ಲಿ ಕೆಲವು ಅಷ್ಟು ಕೆಳಗೆ ಇಳಿಯುವುದಿಲ್ಲ.

ತಂತಿ ಸರಿಯಿದ್ದರೆ ಮುಂದಿನದು ಕಾರ್ಡು. ಆ ಕಾಲದ ಎನ್‌ಇ-2000 ಮಾದರಿಯ ಕಾರ್ಡುಗಳಿಗೆ ಇಂಟರಪ್ಟ್ ಸಂಖ್ಯೆಯನ್ನೂ ವಿಳಾಸವನ್ನೂ ಕೈಯಾರೆ ಕೊಡಬೇಕು. ಎಷ್ಟೋ ಕಾರ್ಡುಗಳು ಇಂಟರಪ್ಟ್ 3, ವಿಳಾಸ 300 ಎಂದೇ ಬರುತ್ತಿದ್ದವು. ಆದರೆ ಇಂಟರಪ್ಟ್ 3 ಎರಡನೆಯ ಸೀರಿಯಲ್ ಪೋರ್ಟಿನ ಪಾಲು. ಅಲ್ಲಿ ಮೋಡೆಮ್ ಇದ್ದರೆ ಎರಡೂ ಕಿತ್ತಾಡಿ ಯಂತ್ರ ಸ್ತಬ್ಧವಾಗುತ್ತದೆ. ಕಾರ್ಡನ್ನು 5 ಅಥವಾ 10ಕ್ಕೆ ಬದಲಿಸಿ, ಅದೇ ಸಂಖ್ಯೆಯನ್ನು ಪ್ರೊಟೊಕಾಲ್.ಐಎನ್‌ಐ ಫೈಲಿನಲ್ಲೂ ಬರೆಯಬೇಕು. ಎರಡೂ ಕಡೆಯ ಸಂಖ್ಯೆ ತಾಳೆಯಾಗದಿದ್ದರೆ ಡ್ರೈವರ್ ಕಾರ್ಡನ್ನು ಗುರುತಿಸುವುದೇ ಇಲ್ಲ.

ಡ್ರೈವರ್‌ಗಳು ಯಾವ ಹಂತದಲ್ಲಿ ಎಡವುತ್ತಿವೆ ಎಂದು ನೋಡಲು ಡಾಸ್ 6ರಲ್ಲಿ ಒಳ್ಳೆಯ ಉಪಾಯವಿದೆ. ಯಂತ್ರ ಏಳುವಾಗ ಎಫ್8 ಒತ್ತಿದರೆ ಕಾನ್ಫಿಗ್.ಸಿಸ್ ಫೈಲಿನ ಒಂದೊಂದು ಸಾಲನ್ನೂ ಅದು ಕೇಳಿ ಕೇಳಿ ನಡೆಸುತ್ತದೆ. ಯಾವ ಸಾಲಿನಲ್ಲಿ ದೋಷದ ಸಂದೇಶ ಬಂತೋ ಅಲ್ಲಿಗೇ ಹುಡುಕಾಟ ನಿಲ್ಲಿಸಬಹುದು. ಅದೇ ಫೈಲಿನಲ್ಲಿ ಲಾಸ್ಟ್‌ಡ್ರೈವ್ ಎಂಬ ಸಾಲನ್ನೂ ನೋಡಬೇಕು. ಅದು ಝಡ್ ಎಂದಿಲ್ಲದಿದ್ದರೆ ಎಫ್ ಎಂಬ ಡ್ರೈವ್ ಅಕ್ಷರವನ್ನೇ ಡಾಸ್ ಒಪ್ಪದೆ ಹೋಗಬಹುದು. ನೆಟ್‌ವರ್ಕ್ ಎದ್ದ ಮೇಲೆ ಲೆಕ್ಕದ ಪ್ರೋಗ್ರಾಮು ‘ಮೆಮೊರಿ ಸಾಲದು’ ಎಂದರೆ ಅದು ನೆಟ್‌ವರ್ಕಿನ ದೋಷವಲ್ಲ. ಡಾಸ್ ಪ್ರೋಗ್ರಾಮುಗಳಿಗೆ ಸಿಗುವ 640 ಕಿಲೋಬೈಟ್ ಜಾಗದಲ್ಲಿ ಡ್ರೈವರ್‌ಗಳೂ ಪಾಲು ಕೇಳುತ್ತವೆ. ಮೆಮ್ ಆಜ್ಞೆಗೆ ಸಿ ಸೇರಿಸಿ ಕೊಟ್ಟರೆ ಯಾವುದು ಎಷ್ಟು ನುಂಗಿದೆ ಎಂದು ಕಾಣುತ್ತದೆ.

ಇಷ್ಟು ದಾಟಿದ ಮೇಲೆ ಪರದೆಯ ಸಂದೇಶಗಳೇ ದಾರಿ ತೋರುತ್ತವೆ. ನೆಟ್ ಯೂಸ್ ಆಜ್ಞೆಯಲ್ಲಿ ಡ್ರೈವ್ ಅಕ್ಷರ, ಆಚೆ ಯಂತ್ರದ ಹೆಸರು, ಹಂಚಿದ ಡೈರೆಕ್ಟರಿಯ ಹೆಸರು ಕೊಟ್ಟಾಗ ಎರರ್ 53 ಬಂದರೆ ಆ ಹೆಸರಿನ ಯಂತ್ರವೇ ಸಿಗಲಿಲ್ಲ ಎಂದರ್ಥ. ಹೆಸರಿನ ಕಾಗುಣಿತ ನೋಡಬೇಕು. ಅದು 15 ಅಕ್ಷರ ಮೀರಬಾರದು. ಎರಡೂ ಕಡೆ ಒಂದೇ ಪ್ರೊಟೊಕಾಲ್ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಡಾಸ್ ಯಂತ್ರದಲ್ಲಿ ನೆಟ್‌ಬ್ಯೂಯಿ, ಹೊಸದರಲ್ಲಿ ಟಿಸಿಪಿ-ಐಪಿ ಮಾತ್ರ ಇದ್ದರೆ ತಂತಿ ಎಷ್ಟು ಚೆನ್ನಾಗಿದ್ದರೂ ಮಾತುಕತೆ ನಡೆಯದು. ಎರರ್ 67 ಬಂದರೆ ಯಂತ್ರ ಸಿಕ್ಕಿದೆ, ಹಂಚಿದ ಡೈರೆಕ್ಟರಿಯ ಹೆಸರು ತಪ್ಪಾಗಿದೆ. ಎರರ್ 5 ಎಂದರೆ ಬಾಗಿಲವರೆಗೆ ಹೋಗಿ ಅನುಮತಿ ಸಿಗದೆ ವಾಪಸಾದಂತೆ. ಆಗ ತಂತಿ, ಕಾರ್ಡುಗಳನ್ನು ಮುಟ್ಟುವ ಅಗತ್ಯವಿಲ್ಲ.

ಅನುಮತಿಯ ಹಂತದಲ್ಲಿ ಇಂದು ಎದುರಾಗುವ ದೊಡ್ಡ ತೊಡಕು ಹೊಸ ಯಂತ್ರದ್ದೇ. ಡಾಸ್ ಬಳಸುವ ಪಾಸ್‌ವರ್ಡ್ ಪದ್ಧತಿ ತೀರ ದುರ್ಬಲ: 14 ಅಕ್ಷರಗಳ ಮಿತಿ, ಚಿಕ್ಕಕ್ಷರ ದೊಡ್ಡಕ್ಷರ ಎಂಬ ಭೇದವೂ ಇಲ್ಲ. ವಿಂಡೋಸ್ ವಿಸ್ಟಾದ ನಂತರದ ಯಂತ್ರಗಳು ಅದನ್ನು ತಾವಾಗಿ ಒಪ್ಪುವುದಿಲ್ಲ. ಡಾಸ್‌ಗೆ ಗೊತ್ತಿರುವ ಎಸ್‌ಎಂಬಿಯ ಮೊದಲ ಆವೃತ್ತಿಯ ದೋಷವನ್ನೇ ಬಳಸಿಕೊಂಡು 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನೆಲ್ಲೆಡೆ ಹರಡಿತು. ಅದೇ ವರ್ಷದ ಕೊನೆಯ ಹೊತ್ತಿಗೆ ವಿಂಡೋಸ್ 10ರ ಹೊಸ ಆವೃತ್ತಿಯಲ್ಲಿ ಆ ಭಾಗವನ್ನು ತಾನಾಗಿ ಅಳವಡಿಸುವುದೇ ನಿಂತಿತು. ಇಂಟರ್ನೆಟ್ ಇರುವ ಕಚೇರಿಯ ಯಂತ್ರದಲ್ಲಿ ಅದನ್ನು ಮತ್ತೆ ತೆರೆಯುವುದು ಜಾಣತನವಲ್ಲ. ವಿಂಡೋಸ್ 98 ಇರುವ ಯಂತ್ರವನ್ನೋ ಫೈಲು ಹಂಚುವ ಸಾಂಬಾ ತಂತ್ರಾಂಶದ ಹಳೆಯ ಆವೃತ್ತಿ ಹಾಕಿದ ಲಿನಕ್ಸ್ ಯಂತ್ರವನ್ನೋ ನಡುವೆ ನಿಲ್ಲಿಸಿ, ಇಂಟರ್ನೆಟ್ ತಂತಿಯನ್ನು ಅದರಿಂದ ದೂರವಿಟ್ಟು ಫೈಲು ದಾಟಿಸುವುದು ಕ್ಷೇಮ.

ಸಂಪರ್ಕವಾದ ಮೇಲೂ ಎರಡು ಸಂಗತಿ ಗಲಿಬಿಲಿ ಮಾಡುತ್ತವೆ. ಡಾಸ್‌ಗೆ ಕಾಣುವುದು ಎಂಟು ಅಕ್ಷರದ ಹೆಸರು, ಮೂರು ಅಕ್ಷರದ ಬಾಲ ಮಾತ್ರ. ಅದಕ್ಕಿಂತ ಉದ್ದ ಹೆಸರಿನ ಹಂಚಿಕೆ ಇದ್ದೂ ಇಲ್ಲದಂತೆ. ಇನ್ನೊಂದು, ತೋಟದ ಲೆಕ್ಕ ಬರೆಯುವ ರೈಟರು ಚೆಕ್‌ರೋಲ್ ತುಂಬುತ್ತಿರುವಾಗಲೇ ಕರೆಂಟು ಹೋದರೆ ಫೈಲಿನ ಬೀಗ ತೆರೆಯದೆ ಉಳಿಯಬಹುದು, ಇಂಡೆಕ್ಸ್ ಫೈಲೂ ಕೆಡಬಹುದು. ಸರ್ವರನ್ನು ಮತ್ತೆ ಏಳಿಸಿ, ಪ್ರೋಗ್ರಾಮಿನ ರೀಇಂಡೆಕ್ಸ್ ನಡೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅದಕ್ಕೂ ಮೊದಲು ಕೆಟ್ಟ ಫೈಲಿನ ಒಂದು ಪ್ರತಿಯನ್ನು ತೆಗೆದಿಡಬೇಕು.

ಬೇಕಾದ್ದು ಒಮ್ಮೆ ಫೈಲು ಹೊರತೆಗೆಯುವುದಷ್ಟೇ ಆದರೆ ಡ್ರೈವ್ ಹಂಚಿಕೆಯ ಗೊಡವೆಯೇ ಬೇಡ. ಡಾಸ್ 6ರೊಂದಿಗೆ ಬಂದ ಇಂಟರ್‌ಲಿಂಕ್, ಎರಡು ಡಾಸ್ ಯಂತ್ರಗಳ ಪ್ರಿಂಟರ್ ಪೋರ್ಟುಗಳನ್ನು ವಿಶೇಷ ತಂತಿಯಿಂದ ಬೆಸೆದು ಫೈಲು ದಾಟಿಸುತ್ತದೆ. ಎಂಟಿಸಿಪಿ ಎಂಬ ಉಚಿತ ಪ್ರೋಗ್ರಾಮುಗಳ ಗುಂಪು ಡಾಸ್ ಯಂತ್ರದಿಂದಲೇ ಎಫ್‌ಟಿಪಿ ಮೂಲಕ ಕಳುಹಿಸುತ್ತದೆ. ಹಾಗೆ ಕಳುಹಿಸುವಾಗ ಬೈನರಿ ವಿಧಾನವನ್ನೇ ಆರಿಸಬೇಕು. ಪಠ್ಯ ವಿಧಾನದಲ್ಲಿ ಸಾಲಿನ ಕೊನೆಯ ಚಿಹ್ನೆಗಳು ಬದಲಾಗಿ ಲೆಕ್ಕದ ಫೈಲು ಹಾಳಾಗುತ್ತದೆ. ಕೆ. ಪಿ. ರಾವ್ ರೂಪಿಸಿದ ಸೇಡಿಯಾಪುವಿನಂಥ ಡಾಸ್ ಕಾಲದ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆದರೆ, ಸಾಗಣೆಯಲ್ಲಿ ಕೆಟ್ಟವೆಂದು ತಿಳಿಯಬೇಕಿಲ್ಲ. ಅವು ಯೂನಿಕೋಡ್‌ಗಿಂತ ಬೇರೆ ಸಂಕೇತದಲ್ಲಿವೆ, ಪರಿವರ್ತನೆ ಬೇಕು. ಪ್ರತಿ ತೆಗೆದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ, ಗಾತ್ರ ತಾಳೆ ನೋಡಿ, ಒಂದೆರಡನ್ನು ತೆರೆದು ಓದಿದ ನಂತರವೇ ಹಳೆಯ ಯಂತ್ರವನ್ನು ಆರಿಸಬೇಕು.