ಯಶವಂತಪುರದ ಮಣ್ಣಿನಲ್ಲಿ ಸೀಸರನ ನಾಣ್ಯ

ಮತ್ತಿಕೆರೆಗೆ ಕೂಗಳತೆಯ ದೂರದಲ್ಲಿರುವ ಯಶವಂತಪುರವನ್ನು ನಾವೆಲ್ಲರೂ ರೈಲು ನಿಲ್ದಾಣದಿಂದಲೂ ಮಾರುಕಟ್ಟೆಯಿಂದಲೂ ಬಲ್ಲೆವು. ಆದರೆ 1891ರಲ್ಲಿ ಅಲ್ಲಿನ ನೆಲದಿಂದ 163 ರೋಮನ್ ಬೆಳ್ಳಿ ನಾಣ್ಯಗಳು ಹೊರಬಿದ್ದವೆಂಬುದನ್ನು ಬಲ್ಲವರು ವಿರಳ. ಅವುಗಳಲ್ಲಿ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಮುದ್ರೆಯುಳ್ಳ ದಿನಾರಿಗಳಿದ್ದವು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ, ಪ್ರಭು ಯೇಸು ಶಿಲುಬೆಗೇರಿದ್ದು ಅವನ ಕಾಲದಲ್ಲಿಯೇ.

ಈ ಸಂಗತಿಯನ್ನು ಒಂದು ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ಹೇಳಿದಾಗ ಬಾಲಕನೊಬ್ಬ ಎದ್ದುನಿಂತು, "ಹಾಗಾದರೆ ಸ್ವಾಮಿ, ನಮ್ಮೂರನ್ನೂ ರೋಮಿನವರು ಆಳಿದ್ದರೇ?" ಎಂದು ಕೇಳಿದ. ಮಗುವನ್ನು ಕರೆದೊಯ್ಯಲು ಬಂದಿದ್ದ ಹಿರಿಯರೊಬ್ಬರು, "ನಾಣ್ಯ ಬಂದಿತೆಂದರೆ ಶುಭಸಂದೇಶವೂ ಆಗಲೇ ಬಂದಿರಬೇಕಲ್ಲವೇ ಸ್ವಾಮಿ? ನಮ್ಮದು ಪರದೇಶದ ಧರ್ಮ ಎನ್ನುವವರಿಗೆ ಇದನ್ನೇ ಹೇಳಬಹುದು" ಎಂದರು. ಎರಡು ಪ್ರಶ್ನೆಗಳಿಗೂ ಪ್ರಾಮಾಣಿಕವಾದ ಉತ್ತರ ಸಲ್ಲಬೇಕು.

ಮೊದಲನೆಯದಕ್ಕೆ ಉತ್ತರ ಸ್ಪಷ್ಟ: ಕನ್ನಡ ನಾಡಿನ ಕರಾವಳಿಯಾಗಲಿ ಒಳನಾಡಾಗಲಿ ಎಂದೂ ರೋಮಿನ ಆಳ್ವಿಕೆಗೆ ಒಳಪಟ್ಟಿರಲಿಲ್ಲ. ನಾಣ್ಯಗಳನ್ನು ತಂದದ್ದು ವ್ಯಾಪಾರ. ಕೆಂಪು ಸಮುದ್ರದ ಮಯೋಸ್ ಹಾರ್ಮೋಸ್ ಬಂದರಿನಿಂದ ವರ್ಷಕ್ಕೆ 120 ಹಡಗುಗಳು ಭಾರತದತ್ತ ಹೊರಡುತ್ತಿದ್ದವೆಂದು ಸ್ಟ್ರಾಬೊ ಬರೆದಿದ್ದಾನೆ. ಅವು ಮುಂಗಾರು ಮಾರುತವನ್ನು ನಂಬಿ ಬಂದು ಮೆಣಸು, ಮುತ್ತು, ನವುರಾದ ಬಟ್ಟೆಗಳನ್ನು ಕೊಂಡೊಯ್ಯುತ್ತಿದ್ದವು. ಭಾರತವು ರೋಮಿನಿಂದ ವರ್ಷಂಪ್ರತಿ ಐದು ಕೋಟಿ ಸೆಸ್ಟರ್ಸ್ ಹಣವನ್ನು ಸೆಳೆದುಕೊಳ್ಳುತ್ತಿದೆಯೆಂದು ಪ್ಲಿನಿ ಗೊಣಗಿದ್ದಾನೆ. ನಿತ್ರಿಯಾಸ್ ಎಂಬಲ್ಲಿನ ಕಡಲ್ಗಳ್ಳರ ಭಯವನ್ನೂ ಅವನು ಹೇಳುತ್ತಾನೆ. ಆ ಹೆಸರಿನಲ್ಲಿ ನಮ್ಮ ನೇತ್ರಾವತಿಯ ದನಿಯನ್ನು ಕೇಳಿದ ವಿದ್ವಾಂಸರುಂಟು. ಎರಡನೆಯ ಶತಮಾನದ ಟಾಲೆಮಿಯಂತೂ ಬನವಾಸಿಯನ್ನೇ ಹೆಸರಿಸಿದ್ದಾನೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ರೋಮನ್ ದಿನಾರಿಗಳು ದೊರೆತಿವೆ.

ಇದಕ್ಕಿಂತ ಸ್ವಾರಸ್ಯವಾದುದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನ. ಭಾರತದ ಕಡಲತಡಿಯ ಗುಡಿಯೊಂದರಲ್ಲಿ ಸೆರೆಯಾಗಿರುವ ಕ್ಯಾರಿಷನ್ ಎಂಬ ತರುಣಿಯನ್ನು ಬಿಡಿಸಲು ಅವಳ ಅಣ್ಣ ಬರುತ್ತಾನೆ. ಸ್ಥಳೀಯ ರಾಜನಿಗೂ ಅವನ ಪರಿವಾರಕ್ಕೂ ದ್ರಾಕ್ಷಾರಸ ಕುಡಿಸಿ ಅವಳನ್ನು ಪಾರುಮಾಡುತ್ತಾನೆ. ರಾಜನ ಬಾಯಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಚ್ ಸೂಚಿಸಿದರು. ತುಳುವೆಂದವರೂ ಇದ್ದಾರೆ, ಎರಡೂ ಅಲ್ಲವೆಂದವರೂ ಇದ್ದಾರೆ. ಈ ನಾಟಕದ ಜಾಗವನ್ನು ಉಡುಪಿಯ ಸುತ್ತಮುತ್ತ ಅರಸಿದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಯೇಸುವಿನ ಮರಣವನ್ನು ಕುರಿತು 'ಗೊಲ್ಗೊಥಾ' ಕಾವ್ಯವನ್ನು ರಚಿಸಿದವರು ಅವರೇ ಎಂಬುದನ್ನು ನಮ್ಮ ಮನೆಗಳಲ್ಲಿ ನೆನೆಯಬೇಕು.

ಈಗ ರೋಮ್ ನಿಜವಾಗಿಯೂ ಆಳಿದ ಒಂದು ಕರಾವಳಿಯನ್ನು ನೋಡೋಣ. ಜುದೇಯವು ಕ್ರಿ.ಶ. 6ರಲ್ಲಿ ರೋಮಿನ ನೇರ ಆಡಳಿತಕ್ಕೆ ಒಳಪಟ್ಟಿತು. ಹೆರೋದನು ಕಟ್ಟಿಸಿ ಚಕ್ರವರ್ತಿಯ ಹೆಸರಿಟ್ಟ ಸೆಜರೇಯ ಬಂದರು ರಾಜ್ಯಪಾಲನ ಪೀಠವಾಯಿತು. ಪಿಲಾತನ ಹೆಸರು ಕೆತ್ತಿದ ಶಿಲೆ 1961ರಲ್ಲಿ ದೊರೆತದ್ದು ಅಲ್ಲಿಯೇ. ಸಂತ ಪೇತ್ರರು ಶತಾಧಿಪತಿ ಕೊರ್ನೇಲಿಯನಿಗೆ ದೀಕ್ಷಾಸ್ನಾನ ಕೊಡಿಸಿದ್ದೂ, ಸಂತ ಪೌಲರು ಎರಡು ವರ್ಷ ಸೆರೆಯಲ್ಲಿದ್ದದ್ದೂ ಅಲ್ಲಿಯೇ. ಆ ನಾಡಿನಲ್ಲಿ ದಿನಾರಿ ಎಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ದ್ರಾಕ್ಷಿ ತೋಟದ ಸಾಮತಿಯಲ್ಲಿ ನಾವು ಓದುವುದು ಅದನ್ನೇ. ಯಶವಂತಪುರದ ನಿಧಿ ಎಂದರೆ ಅಲ್ಲಿನ ಒಬ್ಬ ಬಡವನ ಐದು ತಿಂಗಳಿಗೂ ಮೀರಿದ ಬೆವರು!

ಒಂದೇ ನಾಣ್ಯ, ಒಂದೇ ಮುಖ. ಜುದೇಯದಲ್ಲಿ ಅದು ತೆರಿಗೆ, ಅಧೀನತೆಯ ಗುರುತು. ಇಲ್ಲಿ ಅದು ತೂಗಿ ನೋಡಿ ಪಡೆದ ಬೆಳ್ಳಿ ಮಾತ್ರ. ದಕ್ಷಿಣ ಭಾರತದಲ್ಲಿ ದೊರೆತ ಹಲವು ರೋಮನ್ ಚಿನ್ನದ ನಾಣ್ಯಗಳ ಮೇಲೆ ಚಕ್ರವರ್ತಿಯ ಮುಖಕ್ಕೇ ಉಳಿಯಿಂದ ಕಚ್ಚು ಹಾಕಲಾಗಿದೆ. ಲೋಹಕ್ಕೆ ಬೆಲೆ ಅದರ ತೂಕದಿಂದ. ಮುದ್ರೆಗೆ ಬೆಲೆ ಅದನ್ನು ಮನ್ನಿಸುವವರಿಂದ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಆ ಹಿರಿಯರನ್ನು ನಿರಾಶೆಗೊಳಿಸಿತು. ಸಾಧ್ಯತೆ ಸಾಕ್ಷ್ಯವಲ್ಲ, ತರ್ಕಶಾಸ್ತ್ರದ ಮೊದಲ ಪಾಠವದು. ಹತ್ತು ಕೈ ದಾಟಿ ಬಂದ ನಾಣ್ಯ ವ್ಯಾಪಾರವನ್ನು ಹೇಳೀತೇ ಹೊರತು ಯಾರ ವಿಶ್ವಾಸವನ್ನೂ ಹೇಳದು. ಇಲ್ಲದ ಪ್ರಾಚೀನತೆಯನ್ನು ಆರೋಪಿಸಿಕೊಂಡರೆ ನಾವು ಸತ್ಯಕ್ಕೆ ಎರವಾಗುತ್ತೇವೆ. ಅದರ ಅಗತ್ಯವೂ ನಮಗಿಲ್ಲ. 17ನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ರೋಮಿನ ನಾಣ್ಯವನ್ನು ಮುಂದೊಡ್ಡಲಿಲ್ಲ. ಕನ್ನಡವನ್ನು ಕಲಿತರು, ಕನ್ನಡದಲ್ಲಿ ಬರೆದರು. ಒಂದು ನೆಲಕ್ಕೆ ಸೇರಿದವರಾಗುವುದು ಹಾಗೆ: ಅದರ ನುಡಿಯನ್ನಾಡಿ, ಅದರ ನೆರೆಹೊರೆಯೊಡನೆ ದುಡಿದು, ಅದರ ಮಣ್ಣಿನಲ್ಲಿ ನಮ್ಮ ಹಿರಿಯರನ್ನು ಮಲಗಿಸಿ.

ದಿನಾರಿಯನ್ನು ತೋರಿಸಿ ತಮ್ಮನ್ನು ಸಿಕ್ಕಿಸಲು ಬಂದವರಿಗೆ ಪ್ರಭು ಕೇಳಿದ್ದು ಅದರ ಮೇಲಿನ ಮುಖ ಯಾರದೆಂದು. ಸೀಸರನ ಮುಖವುಳ್ಳದ್ದು ಸೀಸರನಿಗೆ ಹೋಗಲಿ. ದೇವರ ಸ್ವರೂಪವನ್ನು ಹೊತ್ತ ಮನುಷ್ಯ ಯಾರಿಗೆ ಸೇರಿದವನು? ಆ ಮುದ್ರೆ ನಮ್ಮಲ್ಲಿ ಮಾತ್ರವಲ್ಲ, ನಮ್ಮನ್ನು ಪರಕೀಯರೆನ್ನುವ ನೆರೆಯವನಲ್ಲಿಯೂ ಇದೆ. ಮುಂದಿನ ಬಾರಿ ಯಶವಂತಪುರದಲ್ಲಿ ರೈಲಿಗಾಗಿ ಕಾಯುವಾಗ ಮಕ್ಕಳಿಗೆ ಆ 163 ನಾಣ್ಯಗಳ ಕಥೆಯನ್ನು ಹೇಳಿರಿ, ಇದನ್ನೂ ಹೇಳಿರಿ.