ಕಪ್ಪು ಕೆನ್ನೆಯ ಪುಟ್ಟ ಗಿಳಿ

ಮಕ್ಕಳೇ, ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಕ್ಕಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮೂಲದ ಬಡ್ಜಿ ಗಿಳಿಗಳು. ನಿಜವಾದ ಲವ್ ಬರ್ಡ್‌ಗಳ ತವರು ಆಫ್ರಿಕಾ. ಅವುಗಳಲ್ಲೊಂದು ಜಾಂಬಿಯಾ ದೇಶದ ನೈಋತ್ಯ ಭಾಗದ ಕಪ್ಪು ಕೆನ್ನೆಯ ಗಿಳಿ. ಉದ್ದ ಸುಮಾರು 14 ಸೆಂಟಿಮೀಟರ್. ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲಿಗಿಂತ ತುಸು ಕಡಿಮೆ! ಹಸಿರು ಮೈ, ಕೆಂಪು ಕೊಕ್ಕು, ಕಣ್ಣಿನ ಸುತ್ತ ಬಿಳಿ ಬಳೆ.

ಮೊಪಾನೆ ಮರದ ಪೊಟರೆಯೇ ಇದರ ಮನೆ. ಹುಲ್ಲಿನ ಬೀಜ ಇದರ ಊಟ. ಜೋಳ, ಸಜ್ಜೆ ತೆನೆ ಕಟ್ಟಿದಾಗ ಹೊಲಕ್ಕೂ ಇಳಿಯುತ್ತದೆ. ರೈತರಿಗೆ ಸಿಟ್ಟು ಬರುತ್ತದೆ. ಒಣ ಕಾಳು ತಿನ್ನುವ ಹಕ್ಕಿಗೆ ದಿನವೂ ನೀರು ಬೇಕೇ ಬೇಕು. ಮಳೆಯಿಲ್ಲದ ತಿಂಗಳುಗಳಲ್ಲಿ ಉಳಿದ ಹೊಂಡಗಳಿಗೆ ಹಿಂಡು ಹಿಂಡಾಗಿ ಬರುತ್ತದೆ.

1920ರ ದಶಕದಲ್ಲಿ ಪಂಜರದ ವ್ಯಾಪಾರಕ್ಕಾಗಿ ಸಾವಿರಾರು ಗಿಳಿಗಳನ್ನು ಹಿಡಿದು ಸಾಗಿಸಿದರು. ಈಗ ಹೊಂಡಗಳು ಬತ್ತುತ್ತಿರುವುದೇ ದೊಡ್ಡ ಕಂಟಕ. ಸಾಕುವವರ ಬಳಿ ಇವುಗಳಿವೆ, ನಿಜ. ಆದರೆ ಬೇರೆ ಜಾತಿಯ ಲವ್ ಬರ್ಡ್‌ಗಳೊಂದಿಗೆ ಬೆರೆತ ತಳಿಗಳೂ ಅವುಗಳಲ್ಲಿ ಸೇರಿಕೊಂಡಿವೆ.

ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ಪಂಜರದ ಹಕ್ಕಿ ಬಡ್ಡಿಯಿದ್ದಂತೆ, ಕಾಡಿನ ಹಿಂಡೇ ಅಸಲು. ಆ ಅಸಲು ಉಳಿಯಬೇಕಾದರೆ ಮೊಪಾನೆ ಕಾಡಿನ ಹೊಂಡಗಳಲ್ಲಿ ನೀರು ಉಳಿಯಬೇಕು.