ಮೂಗಿನ ನಳಿಕೆಯ ಆಹಾರ ಮತ್ತು ವಾಂತಿಯ ಸೂಚನೆ

ಪಾರ್ಶ್ವವಾಯುವಿನಿಂದಲೋ ಗಂಟಲಿನ ಕ್ಯಾನ್ಸರಿನಿಂದಲೋ ನುಂಗುವ ಶಕ್ತಿ ಕುಂದಿದ್ದರೂ ಜಠರ ಮತ್ತು ಕರುಳು ಕೆಲಸ ಮಾಡುತ್ತಿರುವ ರೋಗಿಗೆ ಮೂಗಿನಿಂದ ಅನ್ನನಾಳದ ಮೂಲಕ ಜಠರಕ್ಕೆ ಇಳಿಸುವ ತೆಳುವಾದ ನಳಿಕೆಯನ್ನು ಆಸ್ಪತ್ರೆಗಳಲ್ಲಿ ರೈಲ್ಸ್ ಟ್ಯೂಬ್ ಎನ್ನುತ್ತಾರೆ. 1921ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ರೈಲ್ ಅವರ ಉದ್ದೇಶ ಉಣಿಸುವುದಾಗಿರಲಿಲ್ಲ; ಜಠರರಸವನ್ನು ಹೊರತೆಗೆದು ಪರೀಕ್ಷಿಸುವುದಾಗಿತ್ತು.

ನಳಿಕೆ ಹಾಕಿದ ಮೇಲೆ ಮನೆಯವರನ್ನು ಬಹಳ ಕಂಗೆಡಿಸುವುದು ವಾಂತಿ. ಜಠರ ಅತಿಯಾಗಿ ಹಿಗ್ಗಿದಾಗ ವೇಗಸ್ ಎಂಬ ನರ ಆ ಸುದ್ದಿಯನ್ನು ಮೆದುಳಿನ ಬುಡಕ್ಕೆ ಒಯ್ಯುತ್ತದೆ. ರಕ್ತದಲ್ಲಿ ಸೇರಿದ ಔಷಧ ಮತ್ತು ವಿಷವಸ್ತುಗಳನ್ನು ಗುರುತಿಸುವ ತಾಣವೂ ಅಲ್ಲೇ ಇರುವುದರಿಂದ, ಉಣಿಸಿದ ಗಂಜಿಯೇ ಕಾರಣವೆಂದು ತೀರ್ಮಾನಿಸುವ ಮೊದಲು ಕಿಮೊಥೆರಪಿ, ಮಾರ್ಫಿನ್, ಮೂತ್ರಪಿಂಡದ ವೈಫಲ್ಯ, ಕೊನೆಗೆ ಹಲವು ದಿನಗಳ ಮಲಬದ್ಧತೆಯನ್ನೂ ನೆನೆಯಬೇಕು. ನುಂಗಲಾಗದವರಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು, ನಿಜವಾದ ಭಯ ಅದೇ.

ಆದ್ದರಿಂದ ಉಣಿಸುವಾಗಲೂ ಆಮೇಲೆ ಕನಿಷ್ಠ ಅರ್ಧ ಗಂಟೆಯೂ ತಲೆ ಮತ್ತು ಎದೆಯ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು; ಚೆನ್ನಾಗಿ ಸೋಸಿದ ಆಹಾರವನ್ನು ಒತ್ತಿ ತಳ್ಳದೆ, ನಳಿಕೆಗೆ ಜೋಡಿಸಿದ ಸಿರಿಂಜಿನ ಒಳಗಿನ ಪ್ಲಂಜರ್ ತೆಗೆದು ಸಿರಿಂಜನ್ನು ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಬೇಕು. ಹೊತ್ತು ಉಳಿಸುವ ಅವಸರದಲ್ಲಿ ಒಮ್ಮೆಗೇ ತಳ್ಳುವುದರಿಂದಲೇ ಎಷ್ಟೋ ವಾಂತಿಗಳು ಆಗುತ್ತವೆ. ವಾಂತಿಯಾದ ಕೂಡಲೇ ಆಹಾರ ನಿಲ್ಲಿಸಿ, ರೋಗಿಯನ್ನು ಪಕ್ಕಕ್ಕೆ ಹೊರಳಿಸಿ, ಮೂಗಿನ ಬಳಿ ನಳಿಕೆಯ ಮೇಲಿರುವ ಗುರುತು ಸರಿದಿದೆಯೇ ಎಂದು ನೋಡಬೇಕು, ಏಕೆಂದರೆ ವಾಂತಿಯ ರಭಸಕ್ಕೆ ನಳಿಕೆ ಮೇಲೆ ಬಂದಿರಬಹುದು. ನಳಿಕೆಯ ತುದಿ ಜಠರದಲ್ಲೇ ಇದೆಯೇ ಎಂದು ತಿಳಿಯಲು ಗಾಳಿ ತಳ್ಳಿ ಹೊಟ್ಟೆಯ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬುವಂತಿಲ್ಲ. ತುದಿ ಶ್ವಾಸಕೋಶದಲ್ಲಿದ್ದರೂ ಅಂಥದ್ದೇ ಸದ್ದು ಕೇಳಿಸಬಹುದು. ಹೀರಿ ತೆಗೆದ ದ್ರವದ ಆಮ್ಲತೆಯನ್ನು ಪರೀಕ್ಷಿಸಿ ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇದೆಯೇ ಎಂದು ನೋಡುವುದು, ಸಂಶಯವಿದ್ದರೆ ಎಕ್ಸ್‌ರೇ ತೆಗೆಸುವುದು ಸರಿಯಾದ ದಾರಿ.

ಔಷಧವೂ ಕಾರಣವನ್ನು ಅನುಸರಿಸಬೇಕು. ಕಿಮೊಥೆರಪಿಯ ವಾಂತಿಗೆ ಚೆನ್ನಾಗಿ ಒದಗುವ ಒಂಡಾನ್ಸೆಟ್ರಾನ್ ಮಲಬದ್ಧತೆಯನ್ನು ಹೆಚ್ಚಿಸಬಲ್ಲದು. ಜಠರವನ್ನು ಬೇಗ ಖಾಲಿ ಮಾಡಿಸುವ ಮೆಟೊಕ್ಲೊಪ್ರಮೈಡ್, ಕರುಳು ಪೂರ್ತಿ ಕಟ್ಟಿಕೊಂಡಿದ್ದರೆ ಅಪಾಯಕಾರಿ. ಹೊಟ್ಟೆ ಉಬ್ಬಿ, ಗಾಳಿ ಮತ್ತು ಮಲ ನಿಂತು, ಹಸಿರು ಪಿತ್ತದ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಅದೇ ನಳಿಕೆಯ ಬಾಯಿಯನ್ನು ಚೀಲಕ್ಕೆ ಜೋಡಿಸಿ, ಜಠರದಲ್ಲಿ ತುಂಬಿದ್ದನ್ನು ಹೊರಹರಿಸುತ್ತಾರೆ.